ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿ ಕುಗ್ಗಿದಾಗ

ಪಾರ್ಕಿನ್ಸನ್ ಕಾಯಿಲೆ ಎಂದರೆ ಕೈ ನಡುಗುವುದು, ನಡಿಗೆ ನಿಧಾನವಾಗುವುದು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಆದರೆ ಈ ಕಾಯಿಲೆ ಇರುವ ಹೆಚ್ಚಿನವರಿಗೆ ಒಂದಲ್ಲ ಒಂದು ಹಂತದಲ್ಲಿ ಮಾತಿನ ತೊಂದರೆಯೂ ಬರುತ್ತದೆ. ದನಿ ಸಣ್ಣದಾಗುತ್ತದೆ, ಗೊಗ್ಗರಾಗುತ್ತದೆ. ಏರಿಳಿತವಿಲ್ಲದೆ ಒಂದೇ ರಾಗದಲ್ಲಿ ಮಾತು ಹೊರಡುತ್ತದೆ. ಮುಖದ ಸ್ನಾಯುಗಳೂ ಬಿಗಿಯುವುದರಿಂದ ನಗು ಕಾಣುವುದಿಲ್ಲ. ಆಗ ಮನೆಯವರು "ಅಜ್ಜಾರು ಸಿಟ್ಟಾಗ್ಯಾರ, ಮಾತೇ ಬಿಟ್ಟಾರ" ಎಂದುಕೊಳ್ಳುತ್ತಾರೆ. ಅದು ಸಿಟ್ಟಲ್ಲ, ಕಾಯಿಲೆಯ ಲಕ್ಷಣ.

ಕಾರಣವೇನು?
ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕಡಿಮೆಯಾಗುವುದರಿಂದ ಸ್ನಾಯುಗಳ ಚಲನೆ ಚಿಕ್ಕದಾಗುತ್ತದೆ. ಉಸಿರಾಟ, ಧ್ವನಿಪೆಟ್ಟಿಗೆ, ನಾಲಿಗೆ, ತುಟಿ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಇನ್ನೊಂದು ಮುಖ್ಯ ಸಂಗತಿಯಿದೆ: ತಮ್ಮ ದನಿ ಸಣ್ಣದಾಗಿರುವುದು ರೋಗಿಗೆ ಗೊತ್ತಾಗುವುದಿಲ್ಲ. ಸರಿಯಾದ ದನಿಯಲ್ಲಿ ಮಾತಾಡಿದರೆ ತಾವು ಕೂಗುತ್ತಿದ್ದೇವೆ ಎಂದು ಅವರಿಗೆ ಅನಿಸುತ್ತದೆ. ಮಾತ್ರೆಗಳಿಂದ ಕೈಕಾಲಿಗೆ ಆಗುವಷ್ಟು ಅನುಕೂಲ ದನಿಗೆ ಆಗದಿರಬಹುದು. ಆದ್ದರಿಂದಲೇ ಮಾತಿನ ಚಿಕಿತ್ಸೆ ಬೇಕು.

ಚಿಕಿತ್ಸೆ ಹೇಗೆ?
ಮೊದಲು ಕಿವಿ, ಮೂಗು, ಗಂಟಲು ವೈದ್ಯರಿಂದ ಧ್ವನಿಪೆಟ್ಟಿಗೆಯ ಪರೀಕ್ಷೆ ಆಗಬೇಕು. ನಂತರ ಸ್ಪೀಚ್ ಥೆರಪಿಸ್ಟರು ಅಭ್ಯಾಸ ಕಲಿಸುತ್ತಾರೆ. ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಎಲ್‌ಎಸ್‌ವಿಟಿ ಲೌಡ್ ಎಂಬ ಪದ್ಧತಿಯಲ್ಲಿ ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆಯಂತೆ 4 ವಾರ ತರಬೇತಿ ಇರುತ್ತದೆ. ಅದರ ಗುರಿ ಒಂದೇ, "ದೊಡ್ಡದಾಗಿ ಮಾತಾಡಿ". ಬ್ರಿಟನ್‌ನಲ್ಲಿ 388 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪದ್ಧತಿ ಅಲ್ಲಿನ ಸಾಮಾನ್ಯ ಮಾತಿನ ಚಿಕಿತ್ಸೆಗಿಂತ ಹೆಚ್ಚು ಉಪಯುಕ್ತವೆಂದು ಕಂಡುಬಂದಿದೆ. ನಮ್ಮ ರಾಜ್ಯದಲ್ಲಿ ಮಾತಿನ ತೊಂದರೆಗಳಿಗೆಂದೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ.

ಮನೆಯಲ್ಲಿ ಮಾಡುವ ಅಭ್ಯಾಸ
ಥೆರಪಿಸ್ಟರು ತೋರಿಸಿಕೊಟ್ಟ ಮೇಲೆ ದಿನವೂ ಮಾಡಿ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತನ್ನು ಆರಿಸಿಕೊಳ್ಳಿ.
1. ಬೆನ್ನು ನೇರ ಮಾಡಿ ಕುಳಿತು, ಉಸಿರು ತುಂಬಿಕೊಂಡು, ಗಟ್ಟಿಯಾಗಿ "ಆ" ಎನ್ನಿ. ಎಷ್ಟು ಹೊತ್ತು ಸಾಧ್ಯವೋ ಅಷ್ಟು ಎಳೆಯಿರಿ. ಗಂಟಲು ಬಿಗಿ ಹಿಡಿಯಬೇಡಿ.
2. "ಆ" ಸ್ವರವನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಒಯ್ಯಿರಿ.
3. "ನೀರು ಕೊಡವ್ವ", "ಊಟ ಆತೇನು?" ಮುಂತಾದ ದಿನಬಳಕೆಯ 10 ಮಾತುಗಳನ್ನು ಅದೇ ಗಟ್ಟಿ ದನಿಯಲ್ಲಿ ಹೇಳಿ.
4. ದಿನಪತ್ರಿಕೆಯನ್ನೋ ವಚನವನ್ನೋ ಗಟ್ಟಿಯಾಗಿ ಓದಿ.

ಮನೆಯವರಿಗೆ ಸೂಚನೆ
ಟಿವಿ ಸದ್ದು ತಗ್ಗಿಸಿ, ಎದುರಿಗೆ ಕುಳಿತು ಮಾತಾಡಿಸಿ. ಅವರ ಮಾತನ್ನು ನೀವೇ ಮುಗಿಸಬೇಡಿ. "ಗೊಣಗಬ್ಯಾಡ್ರಿ" ಎಂದು ಗದರದೆ, "ಇನ್ನಷ್ಟು ದೊಡ್ಡದಾಗಿ ಹೇಳ್ರಿ" ಎಂದು ನೆನಪಿಸಿ. ಮನೆಯ ವಿಚಾರಗಳಲ್ಲಿ ಅವರನ್ನು ಕೇಳುವುದನ್ನು ಬಿಡಬೇಡಿ. ಮಾತು ಬಳಸದಿದ್ದರೆ ಇನ್ನೂ ಕುಗ್ಗುತ್ತದೆ.

ತಡಮಾಡಬೇಡಿ
ನೀರು ಕುಡಿಯುವಾಗ, ಉಣ್ಣುವಾಗ ಕೆಮ್ಮು ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಆಹಾರ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ವಾರೆಯಾದರೆ, ಒಂದು ಕೈಯ ಶಕ್ತಿ ಹೋದರೆ ಅದು ಲಕ್ವ ಇರಬಹುದು. ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆತನ್ನಿ.

ಪಾರ್ಕಿನ್ಸನ್ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಅಭ್ಯಾಸದಿಂದ ದನಿಯನ್ನು ಬಲಪಡಿಸಬಹುದು. ದನಿ ಪೂರ್ತಿ ಕುಗ್ಗುವವರೆಗೆ ಕಾಯದೆ, ಆರಂಭದಲ್ಲೇ ಚಿಕಿತ್ಸೆಗೆ ಬನ್ನಿ.