ಚಿತ್ರಪುಸ್ತಕದಲ್ಲಿ ನೆರೆಯವನ ಮುಖ



ಅಕ್ಷರ ಕಲಿಯುವುದಕ್ಕೆ ಮೊದಲೇ ಮಗು ಓದಲು ಆರಂಭಿಸುತ್ತದೆ. ಅದು ಓದುವುದು ಚಿತ್ರವನ್ನು. ಮೂರು ನಾಲ್ಕು ವರ್ಷದ ಮಗುವಿನ ಮುಂದೆ ಒಂದು ಚಿತ್ರಪುಸ್ತಕವನ್ನು ತೆರೆದಿಟ್ಟು ನೋಡಿ. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ನೀವು ಹೇಳಬೇಕಾಗಿಲ್ಲ. ಹುಬ್ಬು ಗಂಟಿಕ್ಕಿದವನು, ಕತ್ತಿ ಹಿಡಿದವನು, ಕಪ್ಪು ಬಣ್ಣ ಬಳಿಸಿಕೊಂಡವನು ಕೆಟ್ಟವನು. ಬೆಳ್ಳಗಿನ ನಗುಮುಖದವನು ಒಳ್ಳೆಯವನು ಎಂದು ಅದು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಆ ಕೆಟ್ಟವನ ತಲೆಯ ಮೇಲೆ ಒಂದು ಟೋಪಿಯೋ, ಹಣೆಯಲ್ಲಿ ಒಂದು ನಾಮವೋ, ಕೊರಳಲ್ಲಿ ಒಂದು ಶಿಲುಬೆಯೋ ಇದ್ದರೆ ಅದೂ ಆ ತೀರ್ಮಾನದೊಳಗೆ ಸೇರಿಕೊಳ್ಳುತ್ತದೆ. ಮುಂದೆ ಶಾಲೆಯಲ್ಲಿ ತನ್ನ ಪಕ್ಕದಲ್ಲಿ ಕುಳಿತವನನ್ನು ಅದು ನೋಡುವುದು ಈ ಕಣ್ಣಿನಿಂದಲೇ.

ಪರಧರ್ಮ ಸಹಿಷ್ಣುತೆಯ ಬಗ್ಗೆ ದೊಡ್ಡವರಿಗೆ ನಾವು ಎಷ್ಟೋ ಭಾಷಣ ಮಾಡುತ್ತೇವೆ. ಆದರೆ ಆ ಪಾಠ ಆರಂಭವಾಗಬೇಕಾದದ್ದು ತಾಯಿಯ ಮಡಿಲಲ್ಲಿ, ತೆರೆದ ಪುಸ್ತಕದ ಮುಂದೆ. ಅದನ್ನು ಹೇಗೆ ಕಲಿಸಬೇಕು ಎಂಬುದನ್ನು ಈ ವಾರ ಒಟ್ಟಾಗಿ ಚಿಂತಿಸೋಣ.

ಸಹಿಸಿಕೊಂಡರೆ ಸಾಕೇ?

'ಸಹಿಷ್ಣುತೆ' ಎಂಬ ಪದದಲ್ಲಿ 'ಸಹಿಸು' ಎಂಬುದಿದೆ. ನಾವು ಸಹಿಸುವುದು ತಲೆನೋವನ್ನು, ಸೆಕೆಯನ್ನು, ಸೊಳ್ಳೆಗಳ ಕಾಟವನ್ನು. ನೆರೆಮನೆಯವರ ಧರ್ಮವನ್ನೂ ಹಾಗೆಯೇ ಸಹಿಸಿಕೊಳ್ಳಬೇಕೆಂದು ಮಗುವಿಗೆ ಕಲಿಸಿದರೆ ನಾವು ಕಲಿಸಿದ್ದು ಬಹಳ ಕಡಿಮೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ ಇದಕ್ಕಿಂತ ಮುಂದೆ ಹೋಗಿದೆ. 1965ರ ಅಕ್ಟೋಬರ್ 28ರಂದು ಪ್ರಕಟವಾದ 'ನೊಸ್ತ್ರಾ ಎತಾತೆ' ಎಂಬ ಘೋಷಣೆಯಲ್ಲಿ, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದೂ, ಅವುಗಳನ್ನು ಪ್ರಾಮಾಣಿಕ ಗೌರವದಿಂದ ಕಾಣುತ್ತದೆಂದೂ ಮಹಾಸಭೆ ಸಾರಿತು. ಅದೇ ಘೋಷಣೆಯಲ್ಲಿ, ಕ್ರಿಸ್ತರನ್ನು ಸಾರುವ ಕರ್ತವ್ಯವನ್ನು ಧರ್ಮಸಭೆ ಎಂದಿಗೂ ಬಿಡಲಾರದೆಂದೂ ಹೇಳಿತು. ಇವೆರಡೂ ಒಟ್ಟಿಗೆ ನಿಲ್ಲುತ್ತವೆ. ಅದೇ ವರ್ಷದ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಹೊರಬಂತು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು, ಮಾನವನ ಘನತೆಯೇ ಇದಕ್ಕೆ ಆಧಾರ ಎಂಬುದು ಅದರ ಸಾರ.

ಆದ್ದರಿಂದ ನಮ್ಮ ದಾರಿಯ ಇಕ್ಕೆಲಗಳಲ್ಲಿ ಎರಡು ಹಳ್ಳಗಳಿವೆ. ಒಂದು, 'ಎಲ್ಲಾ ಒಂದೇ, ಯಾವುದಾದರೇನು' ಎಂಬ ಉದಾಸೀನ. ಇನ್ನೊಂದು, ಪಕ್ಕದ ಮನೆಯ ದೇವರಕೋಣೆಯನ್ನು ಸೈತಾನನ ಮನೆಯೆಂದು ಮಗುವಿಗೆ ಹೇಳುವ ಕಾಠಿಣ್ಯ. ಎರಡರಲ್ಲೂ ಬೀಳದಂತೆ ಮಗುವಿನ ಕೈಹಿಡಿದು ನಡೆಸಬೇಕಾದವರು ತಂದೆತಾಯಿಗಳು.

ಹಳೆಯ ಪುಸ್ತಕವೊಂದರ ಪಾಠ

ಮಕ್ಕಳಿಗಾಗಿಯೇ ಚಿತ್ರ ಹಾಕಿ ಮುದ್ರಿಸಿದ ಮೊದಲ ಪಠ್ಯಪುಸ್ತಕಗಳಲ್ಲಿ ಬಹು ಪ್ರಸಿದ್ಧವಾದದ್ದು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಹೊರಬಂದ 'ಆರ್ಬಿಸ್ ಪಿಕ್ಟಸ್'. 'ಚಿತ್ರಗಳಲ್ಲಿ ಜಗತ್ತು' ಎಂಬುದು ಹೆಸರಿನ ಭಾವ. ಬರೆದವರು ಮೊರಾವಿಯದ ಯಾನ್ ಆಮೋಸ್ ಕೊಮೇನಿಯಸ್ (1592-1670). ಅವರು ಬೊಹೀಮಿಯದ ಪ್ರೊಟೆಸ್ಟೆಂಟ್ ಸಹೋದರರ ಸಭೆಯ ಬಿಷಪರು. ಕಥೋಲಿಕ ಅರಸರ ಆಳ್ವಿಕೆಯಲ್ಲಿ ತಮ್ಮ ವಿಶ್ವಾಸದ ಕಾರಣಕ್ಕಾಗಿಯೇ 1628ರಲ್ಲಿ ತಾಯ್ನಾಡು ಬಿಟ್ಟು ಹೋದವರು ಮತ್ತೆ ಮರಳಲಿಲ್ಲ. 1656ರಲ್ಲಿ ಪೋಲೆಂಡಿನ ಲೆಷ್ನೋ ಪಟ್ಟಣ ಯುದ್ಧದಲ್ಲಿ ಉರಿದಾಗ ಅವರ ಹಸ್ತಪ್ರತಿಗಳೂ ಬೂದಿಯಾದವು. ಅದಾದ ಎರಡು ವರ್ಷಕ್ಕೆ ಈ ಮಕ್ಕಳ ಪುಸ್ತಕ ಪ್ರಕಟವಾಯಿತು. ಚೆಕ್ ನಾಡಿನಲ್ಲಿ ಕಥೋಲಿಕರಲ್ಲದವರಿಗೆ ಹಿಂದೆ ಆದ ಅನ್ಯಾಯಗಳಿಗಾಗಿ ಜಗದ್ಗುರು ಎರಡನೇ ಜಾನ್ ಪೌಲರು 1995ರಲ್ಲಿ ಆ ನೆಲದಲ್ಲೇ ನಿಂತು ಕ್ಷಮೆ ಯಾಚಿಸಿದ್ದನ್ನೂ ನಾವು ಇಲ್ಲಿ ನೆನೆಯಬೇಕು.

ಆ ಪುಸ್ತಕದ ಕೊನೆಯ ಭಾಗದಲ್ಲಿ ಧರ್ಮಗಳ ಬಗ್ಗೆ ಚಿತ್ರಪಾಠಗಳಿವೆ. ಯೆಹೂದ್ಯ ಧರ್ಮ, ಕ್ರೈಸ್ತ ಧರ್ಮ, ಇಸ್ಲಾಂ, ಬಹುದೇವತಾರಾಧನೆ, ಎಲ್ಲವೂ ಉಂಟು. ಆದರೆ ಅನ್ಯಧರ್ಮಗಳ ಮೇಲಿನ ಪಾಠಗಳು ನ್ಯಾಯವಾಗಿಲ್ಲ; ತನ್ನದಲ್ಲದ ಧರ್ಮವನ್ನು ದೂರದಿಂದ ನೋಡಿ ತೀರ್ಪು ಕೊಟ್ಟಂತಿವೆ. ಅಸಹಿಷ್ಣುತೆಯ ಬೇಗೆಯನ್ನು ಸ್ವತಃ ಉಂಡ, ಶಾಂತಿಗಾಗಿ ಹಂಬಲಿಸಿದ ಆ ದೊಡ್ಡ ಮನುಷ್ಯರ ಪುಸ್ತಕದಲ್ಲೇ ಹೀಗಿದ್ದರೆ, ಇಂದು ಅಂಗಡಿಯಿಂದ ತರುವ ಪುಸ್ತಕವನ್ನು, ಮೊಬೈಲಿನಲ್ಲಿ ಓಡುವ ಚಿತ್ರಕಥೆಯನ್ನು ನಾವು ಕಣ್ಣು ತೆರೆದು ನೋಡಬೇಕಲ್ಲವೇ?

ಸಮಾರಿಯದವನನ್ನು ಮರಳಿ ಪರಿಚಯಿಸೋಣ

ನಮ್ಮ ಮನೆಗಳಲ್ಲಿ ಮೊದಲ ಚಿತ್ರಪುಸ್ತಕ ಬಹುತೇಕ ಮಕ್ಕಳ ಬೈಬಲ್. ಅದರಲ್ಲಿ ಒಳ್ಳೆಯ ಸಮಾರಿಯದವನ ಕಥೆ (ಲೂಕ 10:25-37) ಇದ್ದೇ ಇರುತ್ತದೆ. ಆದರೆ 'ಸಮಾರಿಯದವನು' ಎಂದೊಡನೆ ನಮ್ಮ ಮಕ್ಕಳಿಗೆ ಹೊಳೆಯುವ ಅರ್ಥ 'ಒಳ್ಳೆಯವನು' ಎಂದೇ. ಯೇಸುಸ್ವಾಮಿಯ ಕಥೆ ಕೇಳುತ್ತಿದ್ದವರಿಗೆ ಹಾಗಿರಲಿಲ್ಲ. ಯೆಹೂದ್ಯರು ಜೆರುಸಲೇಮಿನಲ್ಲಿ ಆರಾಧಿಸುತ್ತಿದ್ದರು, ಸಮಾರಿಯದವರು ಗೆರಿಜಿಮ್ ಬೆಟ್ಟದಲ್ಲಿ. ಬೆಟ್ಟದ ಮೇಲಿದ್ದ ಆಲಯವನ್ನು ಯೇಸು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದೆ ಯೆಹೂದ್ಯ ಅರಸನೊಬ್ಬ ಕೆಡವಿಸಿದ್ದ. ಕಥೆಯ ಹಿಂದಿರುವುದು ಧರ್ಮದ ಜಗಳ, ಆಲಯದ ಜಗಳ. ಬಾವಿಯ ಬಳಿ ಸಮಾರಿಯದ ಸ್ತ್ರೀ ಪ್ರಭುವನ್ನು ಕೇಳಿದ್ದೂ ಇದೇ ಬೆಟ್ಟದ ವಿಚಾರ (ಯೊವಾನ್ನ 4:20).

ಲೂಕನ ಶುಭಸಂದೇಶದಲ್ಲಿ ಒಂದು ಪುಟ ಹಿಂದಕ್ಕೆ ತಿರುಗಿಸಿ. ಸಮಾರಿಯದ ಒಂದು ಹಳ್ಳಿ ಯೇಸುವಿಗೆ ತಂಗಲು ಜಾಗ ಕೊಡಲಿಲ್ಲ. ಶಿಷ್ಯರಾದ ಯಕೋಬ, ಯೊವಾನ್ನರಿಗೆ ಸಿಟ್ಟು ಬಂತು. ಆಕಾಶದಿಂದ ಬೆಂಕಿ ಸುರಿಸಿ ಆ ಹಳ್ಳಿಯನ್ನು ನಾಶಮಾಡೋಣವೇ ಎಂದರು. ಯೇಸು ಅವರನ್ನೇ ಗದರಿಸಿದರು (ಲೂಕ 9:52-55). ಮುಂದಿನ ಅಧ್ಯಾಯದಲ್ಲಿ ನೆರೆಯವನು ಯಾರೆಂದು ಧರ್ಮಶಾಸ್ತ್ರಿ ಕೇಳಿದಾಗ ಯೇಸು ಕಥಾನಾಯಕನನ್ನಾಗಿ ಆರಿಸಿದ್ದು ಯಾರನ್ನು? ತಮಗೆ ಬಾಗಿಲು ಮುಚ್ಚಿದ ಆ ಜನರಲ್ಲೇ ಒಬ್ಬನನ್ನು! ಈ ಎರಡು ಘಟನೆಗಳನ್ನು ಜೊತೆಯಾಗಿ ಮಗುವಿಗೆ ಹೇಳಿ. ಸಹಿಷ್ಣುತೆಯ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ಬೇರಿಲ್ಲ.

ಚಿತ್ರ ತೋರಿಸುವಾಗ ಅವಸರ ಬೇಡ. "ಗಾಯಗೊಂಡವನ ಮುಖ ನೋಡು ಪುಟ್ಟಾ, ಅವನಿಗೆ ಈಗ ಯಾರು ಬೇಕು?" ಎಂದು ಕೇಳಿ. ದಾಟಿಹೋದ ಯಾಜಕನನ್ನು ಕೆಟ್ಟ ಜನಾಂಗದ ಕೆಟ್ಟ ಮನುಷ್ಯನೆಂದು ತೋರಿಸಬೇಡಿ. ನನ್ನಂಥ ಪಾದ್ರಿಯೊಬ್ಬನೇ ದಾಟಿಹೋದನೆಂದು ಹೇಳಿ. ಕಥೆಯ ಚುರುಕು ಆಗ ನಮಗೇ ತಾಗುತ್ತದೆ. ಕೊನೆಗೆ, "ಇದೇ ಕಥೆ ನಮ್ಮ ಬೀದಿಯಲ್ಲಿ ನಡೆದಿದ್ದರೆ ನಿಂತು ಸಹಾಯ ಮಾಡಿದವರು ಯಾರಿರಬಹುದು?" ಎಂದು ಕೇಳಿ. ಮಗು ಎದುರುಮನೆಯ ಸಾಬರ ಹೆಸರನ್ನೋ, ಹಾಲು ಕೊಡುವ ಅಮ್ಮನ ಹೆಸರನ್ನೋ ಹೇಳಿದರೆ ಸಂತೋಷಪಡಿ. ಅದಕ್ಕೆ ಶುಭಸಂದೇಶ ಅರ್ಥವಾಗಿದೆ.

ಶಿಲುಬೆ ಹಾದಿಯ ಚಿತ್ರಗಳಲ್ಲೂ ಎಚ್ಚರ ಬೇಕು. ಅಲ್ಲಿ ಯೆಹೂದ್ಯರನ್ನು ಕ್ರೂರಮುಖದವರಾಗಿ, ಯೇಸುವನ್ನು ಮಾತ್ರ ಯುರೋಪಿನವರಂತೆ ಬರೆದದ್ದುಂಟು. ಯೇಸು, ಮಾತೆ ಮರಿಯಮ್ಮ, ಪ್ರೇಷಿತರು ಎಲ್ಲರೂ ಯೆಹೂದ್ಯರೇ ಎಂದು ಮಗುವಿಗೆ ತಿಳಿಸಿ. ಪ್ರಭುವಿನ ಮರಣದ ಹೊಣೆಯನ್ನು ಆ ಇಡೀ ಜನಾಂಗದ ಮೇಲೆ ಹೊರಿಸಬಾರದೆಂದು ಮಹಾಸಭೆ ಹೇಳಿದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಆ ಹೊಣೆ ಪಾಪಿಗಳಾದ ನಮ್ಮೆಲ್ಲರದು ಎನ್ನುತ್ತದೆ.

ನೆರೆಮನೆಯ ಕಥೆಗಳು

ನಮ್ಮ ಕಥೆಗಳ ಜೊತೆ ನೆರೆಯವರ ಕಥೆಗಳೂ ಮನೆಗೆ ಬರಲಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆ ಮಾಲೆಯಲ್ಲಿ ಬುದ್ಧ, ಮಹಾವೀರ, ಕಬೀರ, ಗುರುನಾನಕರ ಕಥೆಗಳಿವೆ. ಯೇಸುಕ್ರಿಸ್ತರ ಕಥೆಯೂ ಇದೆ. ನಮ್ಮ ಪ್ರಭುವಿನ ಕಥೆಯನ್ನು ಎಷ್ಟೋ ಅನ್ಯಧರ್ಮೀಯ ಮಕ್ಕಳು ಆ ಪುಸ್ತಕದಿಂದ ತಿಳಿದರು. ಅವರ ಮಹಾತ್ಮರ ಕಥೆಯನ್ನು ನಮ್ಮ ಮಕ್ಕಳೂ ತಿಳಿಯಬಾರದೇಕೆ? ಯುದ್ಧದ ಕಥೆಗಳನ್ನು ಓದಿಸುವಾಗ ಮಾತ್ರ ಪಕ್ಕದಲ್ಲಿ ಕುಳಿತಿರಿ. ಅರಸರ ಕಾಳಗವನ್ನು ಮಗು ಧರ್ಮಗಳ ಕಾಳಗವೆಂದು ಓದಿಕೊಳ್ಳಬಾರದು. ಹಣದ ಚಿಂತೆಯಿರುವ ಮನೆಗಳಿಗೂ ದಾರಿಯಿದೆ: ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಪುಸ್ತಕ ಸಿಗದಿದ್ದರೆ ನೀವೇ ಮಾಡಿ. ಶಿಶುನಾಳ ಶರೀಫರನ್ನು (1819-1889) ತೆಗೆದುಕೊಳ್ಳಿ. ಮುಸಲ್ಮಾನ ಮನೆತನದ ಹುಡುಗ. ಅವರಿಗೆ ಗುರುವಾದವರು ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರು. ಇಂದಿಗೂ ಹಾವೇರಿ ಜಿಲ್ಲೆಯ ಶಿಶುನಾಳಕ್ಕೆ ಹಿಂದೂಗಳೂ ಮುಸಲ್ಮಾನರೂ ಹೋಗುತ್ತಾರೆ. ಗುರುಶಿಷ್ಯರು ಒಟ್ಟಿಗೆ ಕುಳಿತಿರುವ ಚಿತ್ರವನ್ನು ಮಗುವಿನಿಂದಲೇ ಬರೆಸಿ. ಮುಂದಿನ ಪುಟದಲ್ಲಿ, ಸೆಪ್ಟೆಂಬರ್ 8ರ ಹಬ್ಬಕ್ಕೆ ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಕ್ಕೋ, ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಜಾತ್ರೆಗೋ ಬಂದು ಮೇಣದಬತ್ತಿ ಹಚ್ಚುವ ಅನ್ಯಧರ್ಮೀಯರ ಚಿತ್ರವಿರಲಿ. ಅವರು ನಮ್ಮ ಅಂಗಳದಲ್ಲಿ ಎಷ್ಟು ಭಕ್ತಿಯಿಂದ ನಿಲ್ಲುತ್ತಾರೆ ಎಂಬುದನ್ನು ಮಗು ಗಮನಿಸಲಿ.

ಮಗುವಿನ ಕಷ್ಟದ ಪ್ರಶ್ನೆ

ಹೀಗೆ ಓದುತ್ತಾ ಹೋದಂತೆ ಒಂದು ದಿನ ಆ ಪ್ರಶ್ನೆ ಬಂದೇ ಬರುತ್ತದೆ: "ಅಮ್ಮಾ, ನನ್ನ ಗೆಳತಿ ಚರ್ಚಿಗೆ ಬರೋದಿಲ್ಲ. ಅವಳು ಸ್ವರ್ಗಕ್ಕೆ ಹೋಗೋದಿಲ್ವಾ?"

ಗದರಿ ಸುಮ್ಮನಾಗಿಸಬೇಡಿ, ಹಾರಿಕೆಯ ಉತ್ತರವನ್ನೂ ಕೊಡಬೇಡಿ. ತಮ್ಮದಲ್ಲದ ಕಾರಣದಿಂದ ಶುಭಸಂದೇಶವನ್ನು ಅರಿಯದೆ, ಆದರೆ ನಿಷ್ಕಪಟ ಹೃದಯದಿಂದ ದೇವರನ್ನು ಅರಸಿ, ಅವರ ವರಪ್ರಸಾದದಿಂದ ಮನಸ್ಸಾಕ್ಷಿಯಂತೆ ನಡೆಯುವವರೂ ನಿತ್ಯ ರಕ್ಷಣೆ ಪಡೆಯಬಲ್ಲರೆಂದು ಧರ್ಮಸಭೆಯ ಕುರಿತಾದ 1964ರ ಸಂವಿಧಾನವು ತನ್ನ 16ನೇ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಮಗುವಿಗೆ ಇಷ್ಟು ಸಾಕು: "ಅವಳನ್ನೂ ಸೃಷ್ಟಿಸಿದ್ದು ದೇವರೇ ಮಗಳೇ. ನಿನ್ನ ಮೇಲೆ ಇರುವಷ್ಟೇ ಪ್ರೀತಿ ಅವಳ ಮೇಲೂ ಉಂಟು. ನಮಗೆ ಯೇಸು ದಾರಿ ತೋರಿಸಿದ್ದಾರೆ. ನಾವು ಆ ದಾರಿಯಲ್ಲಿ ನಡೆಯೋಣ, ಅವಳಿಗಾಗಿಯೂ ಪ್ರಾರ್ಥಿಸೋಣ."

ನೋವುಂಡ ಮನೆಗಳಲ್ಲಿ

"ಸ್ವಾಮಿಗಳೇ, ನಾವು ಗೌರವಿಸುತ್ತೇವೆ, ಸರಿ. ನಮ್ಮನ್ನು ಗೌರವಿಸುವವರು ಯಾರು?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಲು ಕಾರಣವೂ ಇದೆ. 2008ರ ಸೆಪ್ಟೆಂಬರ್ 14ರಂದು ಮತ್ತು ಆನಂತರದ ದಿನಗಳಲ್ಲಿ ಮಂಗಳೂರಿನಲ್ಲೂ ನಾಡಿನ ಇತರೆಡೆಗಳಲ್ಲೂ ಚರ್ಚುಗಳ ಮೇಲೆ ದಾಳಿಗಳಾದವು. ಅಂದು ಶಾಲೆಗೆ ಹೋಗುತ್ತಿದ್ದ ಮಕ್ಕಳೇ ಇಂದು ತಂದೆತಾಯಿಗಳು. ಆ ದಿನಗಳನ್ನು ಮರೆಯಿರಿ ಎಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಸುಳ್ಳು ಹೇಳಬೇಕಾಗಿಯೂ ಇಲ್ಲ. ಆದರೆ ಕಲ್ಲು ಎಸೆದ ಕೈಯನ್ನು ಒಂದು ಇಡೀ ಧರ್ಮದ ಕೈಯಾಗಿ ಮಗುವಿನ ಮನಸ್ಸಿನಲ್ಲಿ ಬರೆಯಬೇಡಿ. ಆ ಚಿತ್ರ ಒಮ್ಮೆ ಮೂಡಿದರೆ ಅಳಿಸುವುದು ಕಷ್ಟ. ಬಾಗಿಲು ಮುಚ್ಚಿದ ಹಳ್ಳಿಯವರಲ್ಲೇ ನೆರೆಯವನನ್ನು ಕಂಡ ಪ್ರಭುವಿನ ಶಿಷ್ಯರು ನಾವು. ಎದುರಿನವರು ಗೌರವಿಸಲಿ, ಆಮೇಲೆ ನಾವು ಎಂದು ಕಾಯುತ್ತಾ ಕುಳಿತರೆ ಆ ಕಥೆಯನ್ನು ಓದಿಯೂ ಫಲವಿಲ್ಲ.

ಈ ವಾರ ಮನೆಯಲ್ಲಿ

1. ಮನೆಯಲ್ಲಿರುವ ಚಿತ್ರಪುಸ್ತಕಗಳನ್ನು ಒಮ್ಮೆ ನೀವೇ ನೋಡಿ. ಕೆಟ್ಟವರೆಲ್ಲ ಒಂದೇ ವೇಷದಲ್ಲಿ, ಒಂದೇ ಬಣ್ಣದಲ್ಲಿ ಇದ್ದಾರೆಯೇ? ಇದ್ದರೆ ಅದರ ಬಗ್ಗೆ ಮಗುವಿನೊಡನೆ ಮಾತನಾಡಿ.

2. ಜಪಸರ ಮುಗಿದ ಮೇಲೆ ಹತ್ತು ನಿಮಿಷ ಒಂದು ಕಥೆ ಓದಿ. ಕಥೆಯ ಕೊನೆಯಲ್ಲಿ ನೀತಿ ಹೇಳುವ ಬದಲು ಒಂದು ಪ್ರಶ್ನೆ ಕೇಳಿ.

3. ಅನ್ಯಧರ್ಮೀಯರ ದೇವರ, ಗುರುಗಳ ಹೆಸರುಗಳನ್ನು ಮನೆಯಲ್ಲಿ ಗೌರವದಿಂದಲೇ ಉಚ್ಚರಿಸಿ. ಊಟದ ಹೊತ್ತಿನಲ್ಲಿ ನೀವು ಆಡುವ ಒಂದು ಕೊಂಕುಮಾತು ಹತ್ತು ಪುಸ್ತಕಗಳ ಪಾಠವನ್ನು ಕೆಡಿಸಬಲ್ಲದು.

4. ನೆರೆಮನೆಯ ಮಗುವನ್ನು ಕರೆದು, ಅವರ ಮನೆಯ ಹಬ್ಬದ ಕಥೆಯನ್ನು ಅದರ ಬಾಯಿಂದಲೇ ನಿಮ್ಮ ಮಗು ಕೇಳಲಿ. ತಮ್ಮ ವಿಶ್ವಾಸವನ್ನು ಹೇಳುವ ಹಕ್ಕು ಅವರದು.

5. ಕ್ರಿಸ್ತಜಯಂತಿಗೆ ಗೋದಲಿ ಕಟ್ಟುವಾಗ ಜೋಯಿಸರ ಗೊಂಬೆಗಳನ್ನು ಮಗುವಿನ ಕೈಗೇ ಕೊಡಿ. ಪರದೇಶದಿಂದ, ಪರಧರ್ಮದಿಂದ ಬಂದ ಅವರಿಗೆ ಬಾಲಯೇಸುವಿನ ಬಳಿ ಜಾಗವಿತ್ತು ಎಂದು ತಿಳಿಸಿ (ಮತ್ತಾಯ 2:1-12).

ನಮ್ಮ ಮಕ್ಕಳು ನಮಗಿಂತ ಹೆಚ್ಚು ಬೆರೆತ ಜಗತ್ತಿನಲ್ಲಿ ಬಾಳಬೇಕಾದವರು. ತಮ್ಮ ವಿಶ್ವಾಸದಲ್ಲಿ ಬೇರೂರಿದ ಮಗು ಇತರರ ವಿಶ್ವಾಸಕ್ಕೆ ಹೆದರುವುದಿಲ್ಲ. ಅವರು ನೋಡುವ ಪ್ರತಿಯೊಂದು ಚಿತ್ರದಲ್ಲೂ ದೇವರ ಪ್ರತಿರೂಪವಾದ ಮನುಷ್ಯನನ್ನು ಕಾಣುವ ಕಣ್ಣನ್ನು ಪ್ರಭು ಅವರಿಗೆ ಅನುಗ್ರಹಿಸಲಿ. ಅದನ್ನು ಕಲಿಸುವ ತಾಳ್ಮೆಯನ್ನು ನಿಮಗೂ ದಯಪಾಲಿಸಲಿ.