ಇಪ್ಪತ್ತು ಕೆ.ಜಿ. ಇಳಿಯುವವರೆಗೆ ಮಗುವಿಗೆ ಕಾಯಬೇಕೇ?

ಪ್ರಶ್ನೆ: ನನಗೆ 29 ವರ್ಷ, ಮದುವೆಯಾಗಿ ನಾಲ್ಕು ವರ್ಷವಾಯಿತು. ಎತ್ತರ 5 ಅಡಿ 2 ಅಂಗುಲ, ತೂಕ 84 ಕೆ.ಜಿ. ಮುಟ್ಟು ಎರಡು ತಿಂಗಳಿಗೊಮ್ಮೆ ಬರುತ್ತದೆ, ಕೆಲವು ಸಲ ಮೂರೂವರೆ ತಿಂಗಳಾದರೂ ಬರುವುದಿಲ್ಲ. ಗದ್ದದ ಮೇಲೆ ಕೂದಲಿದೆ. ಸ್ಕ್ಯಾನ್‌ನಲ್ಲಿ ಪಿಸಿಓಡಿ ಎಂದು ಬಂದಿದೆ. ಡಾಕ್ಟರು ‘20 ಕೆ.ಜಿ. ಇಳಿಸಿಕೊಂಡು ಬನ್ನಿ, ಆಮೇಲೆ ಚಿಕಿತ್ಸೆ ನೋಡೋಣ’ ಎಂದರು. ರಾತ್ರಿ ಊಟ ಬಿಟ್ಟು ಆರು ಕೆ.ಜಿ. ಇಳಿಸಿದೆ, ಆರು ತಿಂಗಳಲ್ಲಿ ಅಷ್ಟೂ ವಾಪಸ್ ಬಂತು. ಯಾವ ಸಮಾರಂಭಕ್ಕೆ ಹೋದರೂ ‘ಏನಮ್ಮಾ, ವಿಶೇಷ ಇಲ್ವಾ?’ ಎನ್ನುತ್ತಾರೆ. ಇಷ್ಟು ತೂಕ ಇಳಿಯದೆ ನನಗೆ ಮಗು ಆಗುವುದೇ ಇಲ್ಲವೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಆಗುತ್ತದೆ. ನಿಮ್ಮಷ್ಟೇ, ನಿಮಗಿಂತ ಹೆಚ್ಚು ತೂಕದ ಎಷ್ಟೋ ಪಿಸಿಓಎಸ್ (ನೀವು ಹೇಳುವ ಪಿಸಿಓಡಿ) ಹೆಂಗಸರು ತಾಯಂದಿರಾಗಿದ್ದಾರೆ. ಇಪ್ಪತ್ತು ಕೆ.ಜಿ. ಇಳಿದ ಮೇಲಷ್ಟೇ ಚಿಕಿತ್ಸೆ ಎಂಬ ನಿಯಮ ಎಲ್ಲಿಯೂ ಇಲ್ಲ. ಇರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೆ ಅನೇಕರಿಗೆ ಅಂಡ ಬಿಡುಗಡೆ ತಾನಾಗಿಯೇ ಮತ್ತೆ ಶುರುವಾಗುತ್ತದೆ. ನಿಮ್ಮ ಲೆಕ್ಕಕ್ಕೆ ಅದು ನಾಲ್ಕರಿಂದ ಎಂಟು ಕೆ.ಜಿ. ಅಂದರೆ ಒಂದು ಸಲ ನೀವು ಆ ಗುರಿ ಮುಟ್ಟಿಯೂ ಆಗಿದೆ! ಆ ತಿಂಗಳುಗಳ ಕ್ಯಾಲೆಂಡರ್ ಸಿಕ್ಕರೆ ತೆಗೆದು ನೋಡಿ. ಮುಟ್ಟು ಸ್ವಲ್ಪ ಹತ್ತಿರ ಹತ್ತಿರ ಬಂದಿತ್ತೇ? ನಿಮ್ಮನ್ನು ನೋಡುವ ವೈದ್ಯರಿಗೆ ತೂಕದ ಯಂತ್ರ ತೋರಿಸುವ ಅಂಕಿಗಿಂತ ಆ ತಾರೀಕುಗಳೇ ಹೆಚ್ಚು ಹೇಳುತ್ತವೆ.

ಒಳಗೆ ನಡೆಯುವುದು ಇಷ್ಟು. ಪ್ರತಿ ತಿಂಗಳೂ ಅಂಡಾಶಯದಲ್ಲಿ ಕೆಲವು ಕೋಶಕಗಳು ಬೆಳೆಯಲು ಹೊರಡುತ್ತವೆ. ಅವುಗಳಲ್ಲಿ ಒಂದು ಸುಮಾರು 20 ಮಿ.ಮೀ. ಗಾತ್ರಕ್ಕೆ ಬಂದು ಒಡೆದು ಅಂಡವನ್ನು ಹೊರಬಿಡಬೇಕು. ಪಿಸಿಓಎಸ್‌ನಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆ ಕೊರತೆ ತುಂಬಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದರ ಒತ್ತಡಕ್ಕೆ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ, ಕೋಶಕಗಳೆಲ್ಲ ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಗದ್ದದ ಕೂದಲಿಗೂ ಅದೇ ಹಾರ್ಮೋನ್ ಕಾರಣ. ಸ್ಕ್ಯಾನ್‌ನಲ್ಲಿ ಕಂಡ ‘ಗುಳ್ಳೆ’ಗಳು ಹೀಗೆ ನಿಂತುಹೋದ ಕೋಶಕಗಳೇ ಹೊರತು ಒಡೆಸಿಕೊಳ್ಳಬೇಕಾದ ಗಡ್ಡೆಗಳಲ್ಲ. ನಿಮ್ಮಲ್ಲಿ ಅಂಡಗಳಿಗೆ ಬರವಿಲ್ಲ, ಅವು ಹೊರಗೆ ಬರುತ್ತಿಲ್ಲ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ. ತೂಕ ಹೆಚ್ಚಿದ್ದರೆ ಇನ್ಸುಲಿನ್ ತೊಂದರೆ ಇನ್ನೂ ಜೋರಾಗುತ್ತದೆ.

ಹಾಗೆಂದು ತೂಕದ ವಿಷಯವನ್ನು ಹಗುರ ಮಾಡುತ್ತಿಲ್ಲ. ನಿಮ್ಮ ಬಿಎಂಐ 34. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ನಮ್ಮಲ್ಲಿ 25ಕ್ಕೇ ಬೊಜ್ಜು ಎನ್ನುತ್ತೇವೆ. ಈ ತೂಕದಲ್ಲಿ ಬಸಿರಾದರೆ ಗರ್ಭಪಾತ, ಗರ್ಭಿಣಿಯರ ಸಕ್ಕರೆ, ಬಿ.ಪಿ., ಸಿಸೇರಿಯನ್ ಇವೆಲ್ಲದರ ಸಾಧ್ಯತೆ ಹೆಚ್ಚು. ನಿಮ್ಮ ಡಾಕ್ಟರ ಕಾಳಜಿ ಸುಳ್ಳಲ್ಲ. ಆದರೆ ತಲುಪಲಾಗದ ಒಂದು ಅಂಕಿ ಕೊಟ್ಟು ಮನೆಗೆ ಕಳಿಸಿದರೆ ಆಗುವುದೇನು? ಹೆಣ್ಣುಮಗಳು ನಾಚಿಕೆಯಿಂದ ಎರಡು ಮೂರು ವರ್ಷ ಆಸ್ಪತ್ರೆ ಕಡೆ ಸುಳಿಯುವುದಿಲ್ಲ. ವಾಪಸ್ ಬರುವಾಗ ತೂಕ ಅಷ್ಟೇ ಇರುತ್ತದೆ, ವಯಸ್ಸು ಮಾತ್ರ ಮುಂದೆ ಹೋಗಿರುತ್ತದೆ. 29ಕ್ಕೆ ನಿಮಗೆ ಸಮಯವಿದೆ, ಮೂರರಿಂದ ಆರು ತಿಂಗಳು ತೂಕಕ್ಕೆ ಕೊಡಿ. ಪರೀಕ್ಷೆಗಳು ಇವತ್ತೇ ಶುರುವಾಗಲಿ. ನಿಮ್ಮ ವಯಸ್ಸು 36 ಆಗಿದ್ದಿದ್ದರೆ ಆ ಆರು ತಿಂಗಳನ್ನೂ ಕೊಡಿ ಎನ್ನುತ್ತಿರಲಿಲ್ಲ.

ಯಾವ ಪರೀಕ್ಷೆಗಳು? ಥೈರಾಯ್ಡ್, ಪ್ರೊಲ್ಯಾಕ್ಟಿನ್, ಹಿಮೋಗ್ಲೋಬಿನ್, ಬಿ.ಪಿ. ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಮಾಡುವ ಸಕ್ಕರೆ ಪರೀಕ್ಷೆ. ಬರೀ ಮೂರು ತಿಂಗಳ ಸರಾಸರಿ ಸಕ್ಕರೆ ಸಾಲದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ, ಅದರಿಂದ ಆ ವರದಿ ದಾರಿ ತಪ್ಪಿಸಬಹುದು. ಗಂಡನ ವೀರ್ಯ ಪರೀಕ್ಷೆ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲವಾದರೆ ಕೊನೆಯ ಪ್ರಶ್ನೆಯ ಉತ್ತರವನ್ನು ಅವರಿಗೆ ಓದಲು ಕೊಡಿ. ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಬಸಿರಾಗುವ ಮೊದಲೇ ಶುರುಮಾಡಬೇಕು. ಬಿಎಂಐ 30 ದಾಟಿದವರಿಗೆ ಅನೇಕ ವೈದ್ಯರು 5 ಮಿ.ಗ್ರಾಂ. ಕೊಡುತ್ತಾರೆ, ನಿಮಗೆಷ್ಟು ಎಂದು ಕೇಳಿಕೊಳ್ಳಿ. ಇನ್ನೊಂದು ಮಾತು. ಮೂರು ತಿಂಗಳು ಮುಟ್ಟಾಗದಿದ್ದರೆ ‘ಪಿಸಿಓಡಿ ತಾನೇ, ಬರುತ್ತೆ ಬಿಡು’ ಎಂದು ಸುಮ್ಮನಿರಬೇಡಿ. ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ, ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರ್‌ಗೂ ತಿರುಗಬಹುದು. ಬಸಿರಿಲ್ಲ ಎಂದು ಖಚಿತಪಡಿಸಿಕೊಂಡು ಮಾತ್ರೆ ಕೊಟ್ಟು ಮುಟ್ಟು ತರಿಸುತ್ತೇವೆ.

ಮುಂದೆ ಅಂಡ ಬಿಡುಗಡೆ ಮಾಡಿಸುವ ಔಷಧ. ಈಗ ಮೊದಲ ಆಯ್ಕೆ ಲೆಟ್ರೋಜೋಲ್. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಐದು ದಿನ ನುಂಗುವ ಮಾತ್ರೆ. ಚೀಟಿ ನೋಡಿದ ಮೆಡಿಕಲ್ ಶಾಪಿನವರು ‘ಇದು ಕ್ಯಾನ್ಸರ್ ಮಾತ್ರೆ ಅಲ್ವಾ ಮೇಡಂ?’ ಎನ್ನುವುದುಂಟು, ಪೊಟ್ಟಣದೊಳಗಿನ ಕಾಗದದಲ್ಲೂ ಸ್ತನ ಕ್ಯಾನ್ಸರ್ ಎಂದೇ ಇರುತ್ತದೆ. ಗಾಬರಿ ಬೇಡ, ಆ ಕಾಯಿಲೆಗೂ ಇದೇ ಔಷಧ ಬಳಸುತ್ತಾರೆ. ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸದಂತೆ 2011ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತ್ತು, 2017ರಲ್ಲಿ ಆ ನಿಷೇಧ ತೆಗೆಯಿತು. ನಡುವೆ, 2014ರಲ್ಲಿ, ಅಮೆರಿಕದಲ್ಲಿ 750 ಪಿಸಿಓಎಸ್ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಗಿತ್ತು. ಅದರಲ್ಲಿ ಲೆಟ್ರೋಜೋಲ್ ಪಡೆದವರಲ್ಲಿ ನೂರಕ್ಕೆ 27.5, ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ನೂರಕ್ಕೆ 19.1 ಮಂದಿಗೆ ಮಗುವಾಯಿತು. ನಿಮಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ಆ ಹೆಂಗಸರ ಸರಾಸರಿ ಬಿಎಂಐ 35ರ ಆಸುಪಾಸಿತ್ತು, ಅಂದರೆ ಬಹುತೇಕ ನಿಮ್ಮಂಥವರೇ. ಪಕ್ಕದ ಮನೆಯವರಿಗೆ ಫಲಿಸಿತೆಂದು ಅದೇ ಚೀಟಿ ತೋರಿಸಿ ತಂದು ನುಂಗಬೇಡಿ. ಸ್ಕ್ಯಾನ್ ಮಾಡಿ ಕೋಶಕದ ಬೆಳವಣಿಗೆ ನೋಡುತ್ತಾ ಕೊಡುವ ಔಷಧ ಇದು.

ಇನ್ಸುಲಿನ್ ತೊಂದರೆ ಹೆಚ್ಚಿದ್ದರೆ ಮೆಟ್‌ಫಾರ್ಮಿನ್ ಜೊತೆಗಿರುತ್ತದೆ. ಮೊದಮೊದಲು ಹೊಟ್ಟೆ ಕೆಡಿಸುತ್ತದೆ, ಊಟದ ಜೊತೆ ತೆಗೆದುಕೊಂಡರೆ ಹೊಂದಿಕೊಳ್ಳುತ್ತದೆ. ಇಷ್ಟಕ್ಕೂ ಆಗದಿದ್ದರೆ ಹಾರ್ಮೋನ್ ಇಂಜೆಕ್ಷನ್, ಲ್ಯಾಪ್ರೊಸ್ಕೋಪಿ, ಕೊನೆಗೆ ಐವಿಎಫ್. ಮೊದಲ ಭೇಟಿಯಲ್ಲೇ ಯಾರಾದರೂ ಐವಿಎಫ್ ಪ್ಯಾಕೇಜ್ ಮುಂದಿಟ್ಟರೆ ಏಕೆಂದು ಕೇಳಿ. ನಳಿಕೆ ಮುಚ್ಚಿರುವುದು, ವೀರ್ಯಾಣು ತೀರಾ ಕಡಿಮೆ ಇರುವುದು ಮುಂತಾದ ಕಾರಣ ಇರಬೇಕು. ಅಂಡ ಪತ್ತೆ ಮಾಡುವ ಪಟ್ಟಿಗಳಿಗೂ ದುಡ್ಡು ಸುರಿಯಬೇಡಿ. ಅವು ಹುಡುಕುವ ಎಲ್‌ಎಚ್ ಹಾರ್ಮೋನ್ ಪಿಸಿಓಎಸ್ ಇರುವ ಅನೇಕರಲ್ಲಿ ಮೊದಲೇ ಹೆಚ್ಚಿರುವುದರಿಂದ ಅಂಡ ಬಾರದಿದ್ದರೂ ಪಟ್ಟಿ ಗೆರೆ ತೋರಿಸೀತು. ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು.

ಊಟದ ವಿಷಯ. ರಾತ್ರಿ ಊಟ ಬಿಟ್ಟಿರಿ, ಸರಿ. ಸಂಜೆ ಕಾಫಿ ಜೊತೆ ಏನು ತಿನ್ನುತ್ತೀರಿ? ಮಂಡಕ್ಕಿ, ಮಿರ್ಚಿ ಇಲ್ಲದ ದಾವಣಗೆರೆ ಸಂಜೆಯನ್ನು ನಾನಂತೂ ಕಂಡಿಲ್ಲ. ಉಪವಾಸ ಬಿದ್ದವರು ಕರಿದದ್ದಕ್ಕೆ ಕೈಹಾಕುವುದು ದೇಹದ ಸಹಜ ಹಸಿವು, ಅದು ನಿಮ್ಮ ದೌರ್ಬಲ್ಯವಲ್ಲ. ಅನ್ನ ಬಿಟ್ಟು ಎರಡು ದೊಡ್ಡ ರಾಗಿ ಮುದ್ದೆ ನುಂಗಿದರೂ, ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿದರೂ ಪಿಷ್ಟ ಪಿಷ್ಟವೇ. ಒಂದು ಜೋಳದ ರೊಟ್ಟಿ, ಅದರ ಜೊತೆ ಧಾರಾಳವಾಗಿ ಪಲ್ಯ, ಮೊಳಕೆ ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಅಥವಾ ಮೀನು. ಊಟವಾದ ಮೇಲೆ ಹದಿನೈದು ನಿಮಿಷ ನಡಿಗೆ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಮಾಡಿ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ತೂಕ ಇಳಿಯದಿದ್ದರೂ ಈ ಲಾಭ ಸಿಗುತ್ತದೆ. ನಿದ್ದೆಯಲ್ಲಿ ನಾನು ಗೊರಕೆ ಹೊಡೆಯುತ್ತೇನಾ ಎಂದು ಗಂಡನನ್ನು ಕೇಳಿ. ಉಸಿರು ಕಟ್ಟಿ ಎಚ್ಚರವಾಗುವ ತೊಂದರೆ ಪಿಸಿಓಎಸ್‌ನಲ್ಲಿ ಹೆಚ್ಚು, ಹೆಂಗಸರು ಇದನ್ನು ತಾವಾಗಿ ಹೇಳುವುದೇ ಇಲ್ಲ.

ಪ್ರಶ್ನೆ: ವಯಸ್ಸು 31, ಪಿಸಿಓಎಸ್ ಇದೆ, ಬಿಎಂಐ 37. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್ ಶುರುಮಾಡಿದ್ದಾರೆ. ಜೊತೆಗೇ ಮಗುವಿಗೆ ಪ್ರಯತ್ನಿಸಬಹುದೇ?
— ಎಂ., ಬೆಂಗಳೂರು

ಉತ್ತರ: ಬೇಡ. ಈ ಔಷಧಗಳು ಗರ್ಭದಲ್ಲಿ ಸುರಕ್ಷಿತ ಎನ್ನಲು ಬೇಕಾದಷ್ಟು ಆಧಾರವಿಲ್ಲ. ಸೆಮಾಗ್ಲುಟೈಡ್ ಆದರೆ ಬಸಿರಿಗೆ ಕನಿಷ್ಠ ಎರಡು ತಿಂಗಳು ಮೊದಲು, ಟಿರ್ಜೆಪಟೈಡ್ ಆದರೆ ಒಂದು ತಿಂಗಳು ಮೊದಲು ನಿಲ್ಲಿಸಬೇಕು. ಇಂಜೆಕ್ಷನ್ ನಡೆಯುವಷ್ಟು ಕಾಲವೂ ಗರ್ಭನಿರೋಧಕ ಬೇಕು. ಇಲ್ಲೇ ಹಲವರು ಎಡವುವುದು: ‘ಇಷ್ಟು ವರ್ಷ ಆಗದ್ದು ಈಗ ಆಗುತ್ತಾ’ ಎಂದು ಎಚ್ಚರ ತಪ್ಪುತ್ತಾರೆ. ತೂಕ ಇಳಿಯುತ್ತಿದ್ದಂತೆ ಅಂಡ ಬಿಡುಗಡೆ ಶುರುವಾಗಿ, ಮುಟ್ಟು ಸರಿಹೋಗುವ ಮೊದಲೇ ಬಸಿರು ನಿಂತುಬಿಡುತ್ತದೆ. ಟಿರ್ಜೆಪಟೈಡ್ ಶುರುಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯನ್ನಷ್ಟೇ ನಂಬಬಾರದು, ಕಾಂಡೋಮ್ ಇರಲಿ. ಆಕಸ್ಮಿಕವಾಗಿ ಬಸಿರಾದರೆ ಇಂಜೆಕ್ಷನ್ ನಿಲ್ಲಿಸಿ ವೈದ್ಯರನ್ನು ಕಾಣಿ, ಹೆದರಿ ತಾವಾಗಿಯೇ ಮಾತ್ರೆ ನುಂಗಿ ತೆಗೆಸಿಕೊಳ್ಳಬೇಡಿ. ನಿಲ್ಲಿಸಿದ ಮೇಲೆ ಹಸಿವೆಯೂ ತೂಕವೂ ವಾಪಸ್ ಬರುವುದು ಸಾಮಾನ್ಯ. ಆದ್ದರಿಂದ ಎಂದು ನಿಲ್ಲಿಸುವುದು, ಎಂದು ಪ್ರಯತ್ನ ಶುರುಮಾಡುವುದು ಎರಡನ್ನೂ ಈಗಲೇ ವೈದ್ಯರ ಜೊತೆ ಕೂತು ತೀರ್ಮಾನಿಸಿ.

ಪ್ರಶ್ನೆ: ತೊಂದರೆ ಇರುವುದು ಹೆಂಡತಿಗೆ. ನಾನು ಯಾಕೆ ಪರೀಕ್ಷೆ ಮಾಡಿಸಬೇಕು?
— ಹಾಸನ

ಉತ್ತರ: ಹೆಂಡತಿಯ ಸ್ಕ್ಯಾನ್‌ನಲ್ಲಿ ನಿಮ್ಮ ವೀರ್ಯಾಣು ಕಾಣಿಸುವುದಿಲ್ಲ, ಅದಕ್ಕೆ. ಇಬ್ಬರಲ್ಲೂ ತೊಂದರೆ ಇರುವ ದಂಪತಿಗಳು ಬೇಕಾದಷ್ಟಿದ್ದಾರೆ. ಹೆಂಡತಿಯ ಪರೀಕ್ಷೆಗಳಿಗೆ ಹೋಲಿಸಿದರೆ ನಿಮ್ಮದು ಅಗ್ಗ, ನೋವೂ ಇಲ್ಲ. ಎರಡರಿಂದ ಐದು ದಿನ ಸಂಭೋಗವಿಲ್ಲದೆ ಇದ್ದು ಮಾದರಿ ಕೊಡಿ. ಸಿಗರೇಟು, ಗುಟ್ಕಾ, ಹೊಟ್ಟೆಯ ಬೊಜ್ಜು ಇವು ನಿಮ್ಮ ಕಡೆಯ ಲೆಕ್ಕವನ್ನೂ ಕೆಡಿಸುತ್ತವೆ. ಮೊದಲ ವರದಿ ಚೆನ್ನಾಗಿಲ್ಲದಿದ್ದರೆ ಕಂಗಾಲಾಗಬೇಡಿ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಗುಟ್ಕಾ ಬಿಟ್ಟು ಮೂರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮಾದರಿಯಲ್ಲಿ ವೀರ್ಯಾಣುವೇ ಇಲ್ಲ ಎಂದು ಬಂದರೆ ಮಾತ್ರ ಮೂರು ತಿಂಗಳು ಕಾಯದೆ ತಕ್ಷಣ ವೈದ್ಯರನ್ನು ಕಾಣಿ.