ಬೀಸುಬಲೆಯ ಗುಂಡುಗಳಿಗೆ ಸೀಸ ಕರಗಿಸುವ ಪಾತ್ರೆ ಮೊದಲಾದುವುಗಳ ಆಯ್ಕೆ

ಕೆರೆಯಲ್ಲಿ ಮೀನು ಹಿಡಿಯುವ ವಾಡಿಕೆಯುಳ್ಳ ಗ್ರಾಮಗಳಲ್ಲಿ, ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುವುದುಂಟು. ಸೀಸವು 327 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿಯೇ ಕರಗುವುದರಿಂದ ಇದಕ್ಕೆ ಕುಲುಮೆಯೂ ಬೇಕಾಗದು, ಸೌದೆಯ ಒಲೆಯೇ ಸಾಕು. ಕೆಲಸವು ಇಷ್ಟು ಸುಲಭವಾಗಿರುವುದೇ ಅಪಾಯಕ್ಕೆ ಮೂಲ. ಕೈಗೆ ಸಿಕ್ಕಿದ ಪಾತ್ರೆಯಲ್ಲಿ ಸೀಸವನ್ನು ಕರಗಿಸಿ, ಅನಂತರ ಅದನ್ನು ಬೆಳಗಿ ಪುನಃ ಅಡಿಗೆಗೆ ಬಳಸುವವರಿದ್ದಾರೆ. ಸೀಸವು ಬೆಳಗಿದರೆ ಹೋಗತಕ್ಕ ಕೊಳೆಯಲ್ಲ, ವಿಷ. ಮಕ್ಕಳ ದೇಹಕ್ಕೆ ಇಷ್ಟು ಸೇರಿದರೆ ಬಾಧಕವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಆದುದರಿಂದ ಈ ಕೆಲಸಕ್ಕೆ ಒಮ್ಮೆ ಉಪಯೋಗಿಸಿದ ಪಾತ್ರೆ, ಸೌಟುಗಳು ಎಂದಿಗೂ ಅಡಿಗೆಮನೆಗೆ ಹಿಂದಿರುಗಕೂಡದು.

ಪಾತ್ರೆಯು ಕಬ್ಬಿಣದ್ದೇ ಆಗಿರತಕ್ಕದ್ದು. ಕರಗಿದ ಸೀಸವು ಕಬ್ಬಿಣದೊಡನೆ ಬೆರೆಯುವುದಿಲ್ಲ. ದಪ್ಪ ತಳದ, ಬಿರುಕಿಲ್ಲದ ಎರಕದ ಕಬ್ಬಿಣದ ಬಾಣಲೆಯಾಗಲಿ, ಉಕ್ಕಿನ ಪಾತ್ರೆಯಾಗಲಿ ಯೋಗ್ಯವಾದುದು. ತಗಡಿನ ಡಬ್ಬಿಯು ಸುಲಭವಾಗಿ ದೊರೆಯುವುದಾದರೂ ಅದನ್ನು ನಂಬಬಾರದು. ಅದರ ಅಂಚನ್ನು ಬೆಸುಗೆಯಿಂದ ಕೂಡಿಸಿದ್ದರೆ, ಆ ಬೆಸುಗೆಯು ಸೀಸಕ್ಕಿಂತ ಮೊದಲೇ ಕರಗಿ, ಪಾತ್ರೆಯು ಒಲೆಯ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ದಬರಿಯು 660 ಡಿಗ್ರಿಯಲ್ಲಿ ಕರಗುವುದು ನಿಜ. ಆದರೆ ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಭಾರವನ್ನು ತಾಳಲಾರದು. ಸತುವಿನ ಲೇಪವುಳ್ಳ ಬಕೆಟ್ಟು, ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆ, ಮಣ್ಣಿನ ಮಡಕೆ ಇವು ಯಾವುವೂ ತಕ್ಕುವಲ್ಲ.

ಭಾರದ ವಿಷಯವನ್ನು ಹಲವರು ಮರೆಯುತ್ತಾರೆ. ಒಂದು ಲೀಟರು ನೀರು ಹಿಡಿಯುವ ಪಾತ್ರೆಯ ತುಂಬ ಸೀಸವಿದ್ದರೆ ಅದರ ತೂಕ 11 ಕಿಲೋಗ್ರಾಮಿಗೂ ಹೆಚ್ಚು. ಹಿಡಿಯನ್ನು ರಿವೆಟ್ಟು ಹೊಡೆದೋ ವೆಲ್ಡಿಂಗಿನಿಂದಲೋ ಭದ್ರಪಡಿಸಿರಬೇಕು. ಪಾತ್ರೆಯನ್ನೇ ಎತ್ತಿ ಹೊಯ್ಯುವುದಕ್ಕಿಂತ, ಉದ್ದನೆಯ ಹಿಡಿಯುಳ್ಳ ಕಬ್ಬಿಣದ ಸೌಟಿನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದು ಅಚ್ಚಿಗೆ ಹೊಯ್ಯುವುದು ಮೇಲು. ಮೂರು ಕಲ್ಲಿಟ್ಟ ಒಲೆಯು ಇದಕ್ಕೆ ಸಲ್ಲದು. ಅಗಲವಾದ ಕಾಲುಗಳುಳ್ಳ ಕಬ್ಬಿಣದ ಒಲೆಯನ್ನು ಸಮನಾದ ನೆಲದ ಮೇಲಿಡತಕ್ಕದ್ದು. ಉರಿಯನ್ನು ಕೂಡಲೆ ತಗ್ಗಿಸಲು ಬರುವುದಾದರೆ ಮತ್ತೂ ಒಳ್ಳೆಯದು. ಏಕೆಂದರೆ ಸೀಸವನ್ನು ಕೆಂಪಗೆ ಕಾಯಿಸಿದಷ್ಟೂ ವಿಷದ ಹೊಗೆಯು ಹೆಚ್ಚುತ್ತದೆ. ಸೌಟಿನಿಂದ ಅಂಟದೆ ಹರಿದರೆ ಅಷ್ಟು ಕಾವೇ ಸಾಕು. ಮೂಗಿಗೆ ಕಟ್ಟಿದ ಬಟ್ಟೆಯು ಈ ಹೊಗೆಯನ್ನು ತಡೆಯದು. ಬಯಲಿನಲ್ಲಿ, ಗಾಳಿಯು ಬೆನ್ನ ಹಿಂದಿನಿಂದ ಬೀಸುವಂತೆ ನಿಂತು, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಟ್ಟು ಕೆಲಸ ಮಾಡಬೇಕು.

ನೀರು ಈ ಕೆಲಸದ ದೊಡ್ಡ ಶತ್ರು. ಕರಗಿದ ಸೀಸದ ಅಡಿಗೆ ಒಂದು ಹನಿ ನೀರು ಸಿಕ್ಕಿದರೂ, ಅದು ಕ್ಷಣಮಾತ್ರದಲ್ಲಿ ಸಾವಿರಕ್ಕೂ ಮಿಕ್ಕಿದ ಪಟ್ಟು ಹಿಗ್ಗಿ ಆವಿಯಾಗಿ, ಸೀಸವನ್ನು ಮುಖಕ್ಕೆ ಎರಚುತ್ತದೆ. ಅಚ್ಚನ್ನೂ ಸೌಟನ್ನೂ ಮೊದಲೇ ಬಿಸಿಮಾಡಿ ಒಣಗಿಸಬೇಕು. ಹಳೆಯ ಸೀಸದ ಕೊಳವೆಯ ತುಂಡುಗಳ ಬಾಯಿ ಮುಚ್ಚಿಹೋಗಿದ್ದರೆ ಒಳಗೆ ನೀರು ನಿಂತಿರಬಹುದು. ಅವುಗಳನ್ನು ಸೀಳಿ ಒಣಗಿಸಿ, ತಣ್ಣಗಿರುವ ಪಾತ್ರೆಯಲ್ಲಿಯೇ ಇಡತಕ್ಕದ್ದು. ಕರಗಿದ ಸೀಸದೊಳಕ್ಕೆ ಹಸಿಯ ತುಂಡನ್ನು ಹಾಕಕೂಡದು. ಕಣ್ಣಿಗೆ ಕನ್ನಡಕ, ಕೈಗೆ ಒಣಗಿದ ಚರ್ಮದ ಚೀಲ, ಕಾಲಿಗೆ ಮುಚ್ಚಿದ ಜೋಡು, ಮೈಗೆ ತುಂಬುತೋಳಿನ ಹತ್ತಿಯ ಬಟ್ಟೆ ಇರಬೇಕು. ಸುಟ್ಟಗಾಯಕ್ಕೆ ತಣ್ಣೀರು ಬೇಕಾಗುವುದಾದರೂ ಅದರ ಕೊಡವನ್ನು ಒಲೆಯಿಂದ ದೂರದಲ್ಲಿಡತಕ್ಕದ್ದು.

ಹಳೆಯ ಬ್ಯಾಟರಿಗಳನ್ನು ಒಡೆದು ಅವುಗಳ ಸೀಸವನ್ನು ಕರಗಿಸುವುದನ್ನು ಮಾತ್ರ, ಎಂತಹ ಸಲಕರಣೆಯಿದ್ದರೂ, ಗ್ರಾಮದಲ್ಲಿ ಯಾರಿಗೂ ಅವಕಾಶವಿರಕೂಡದು. ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಕಾರ್ ನಗರದ ಅಂಚಿನ ತಿಯಾರೊಯ್ ಎಂಬಲ್ಲಿ, ಈ ಕಸುಬಿನ ಸೀಸವು ಮಣ್ಣಿನಲ್ಲಿಯೂ ಮನೆಗಳಲ್ಲಿಯೂ ಸೇರಿ, 2007-08ರಲ್ಲಿ ಕೆಲವೇ ತಿಂಗಳುಗಳೊಳಗೆ 18 ಮಂದಿ ಮಕ್ಕಳು ಮಡಿದರು. ಗ್ರಾಮದ ಮುಖ್ಯಸ್ಥರು ಇಂತಹ ಕೆಲಸಕ್ಕೆ ಹಿತ್ತಲನ್ನಾಗಲಿ ಹಾಳುಮನೆಯನ್ನಾಗಲಿ ಬಾಡಿಗೆಗೆ ಕೊಡಗೊಡಿಸಬಾರದು.

ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವನ್ನು ತೆಗೆದಿಡಲು ಮುಚ್ಚಳವಿರುವ ಕಬ್ಬಿಣದ ಡಬ್ಬಿಯೊಂದು ಬೇಕು. ಹೊಗೆಗೆ ಹೆದರುವವರೂ ಈ ಪುಡಿಗೆ ಹೆದರುವುದಿಲ್ಲ. ಆದರೆ ಕೈಗೂ ಬಟ್ಟೆಗೂ ಅಂಟಿ ಮನೆಯೊಳಕ್ಕೆ ಬರುವುದು ಇದೇ. ಕಿಟ್ಟವನ್ನೂ ಒಲೆಯ ಬೂದಿಯನ್ನೂ ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲಕ್ಕೆ ಹೋಗಿ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಸೀಸವು ಕೊಳೆತು ನಾಶವಾಗತಕ್ಕ ವಸ್ತುವಲ್ಲ. ದನಗಳು ಇಂತಹ ಕಿಟ್ಟವನ್ನು ನೆಕ್ಕುವುದುಂಟು. ಕರುವು ಹಠಾತ್ತಾಗಿ ಕಣ್ಣು ಕಾಣದೆ ಗೋಡೆಗೆ ಹಾಯುತ್ತ, ಹಲ್ಲು ಕಡಿಯುತ್ತ, ಸೆಳವು ಬಂದು ಬೀಳುತ್ತಿದ್ದರೆ, ಸೀಸದ ಶಂಕೆಯನ್ನು ಪಶುವೈದ್ಯರಿಗೆ ಒಡನೆಯೇ ತಿಳಿಸಬೇಕು.

ಇಷ್ಟೆಲ್ಲವನ್ನು ಒದಗಿಸಲಾಗದವರು ಸುಟ್ಟ ಮಣ್ಣಿನ ಗುಂಡುಗಳನ್ನೋ ಕಬ್ಬಿಣದ ಸರಪಣಿಯನ್ನೋ ಬಲೆಗೆ ಕಟ್ಟಬಹುದು. ಮಣ್ಣಿನ ಗುಂಡು ಗಾತ್ರದಲ್ಲಿ ದೊಡ್ಡದಾಗಿ, ಬಲೆಯು ನಿಧಾನವಾಗಿ ಮುಳುಗುವುದು. ಆದರೆ ಕಳಚಿ ಕೆರೆಯಲ್ಲಿ ಉಳಿದರೂ ನೀರಿಗೆ ಕೇಡಿಲ್ಲ.